ಎರಡು ಕಚೇರಿಗಳ ನಡುವೆ ವ್ಯಾನ್ (WAN, ದೂರದ ಕಚೇರಿಗಳನ್ನು ಜೋಡಿಸುವ ಜಾಲ) ಮೂಲಕ ಮುದ್ರಣ ವ್ಯವಸ್ಥೆ ಮಾಡುವುದು ಹೇಗೆ?

ಮುಖ್ಯ ಕಚೇರಿಯ ಸರ್ವರ್‌ನಲ್ಲಿ ಸಿದ್ಧವಾದ ಬಿಲ್ಲು ದೂರದ ಶಾಖೆಯ ಪ್ರಿಂಟರ್‌ನಲ್ಲಿ ಹೊರಬರಬೇಕಾದರೆ, ಅದರ ದತ್ತಾಂಶ ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ಈ ಕೆಲಸದಲ್ಲಿ ಎದುರಾಗುವ ಹೆಚ್ಚಿನ ತೊಂದರೆಗಳ ಮೂಲ ಆ ದಾರಿಯಲ್ಲೇ ಸಿಗುತ್ತದೆ.

ಎರಡು ಕಚೇರಿಗಳ ರೂಟರ್ ಅಥವಾ ಫೈರ್‌ವಾಲ್‌ಗಳ ನಡುವೆ ಐಪಿಸೆಕ್ ಅಥವಾ ವೈರ್‌ಗಾರ್ಡ್ ವಿಪಿಎನ್ ಸುರಂಗವನ್ನು, ಅಂದರೆ ಇಂಟರ್‌ನೆಟ್ ಮೇಲೆ ಗುಪ್ತಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕವನ್ನು, ಮೊದಲು ಸ್ಥಾಪಿಸಿ. ಸುಲಭವೆಂದು ಪ್ರಿಂಟರ್‌ನ 9100 ಪೋರ್ಟನ್ನು (ದತ್ತಾಂಶ ಸ್ವೀಕರಿಸುವ ಸಂಖ್ಯೆಯುಳ್ಳ ದ್ವಾರ) ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡುವುದನ್ನು ಯಾವ ಕಾರಣಕ್ಕೂ ಮಾಡಬಾರದು; ಆ ಪೋರ್ಟ್ ಗುರುತು ಕೇಳುವುದಿಲ್ಲ, ಗುಪ್ತಲಿಪೀಕರಣವನ್ನೂ ಮಾಡುವುದಿಲ್ಲ, ಆದ್ದರಿಂದ ವಿಳಾಸ ತಿಳಿದ ಯಾರು ಬೇಕಾದರೂ ನಿಮ್ಮ ಪ್ರಿಂಟರ್‌ಗೆ ಆಜ್ಞೆ ಕಳುಹಿಸಬಹುದು. ಎರಡೂ ಕಡೆ ರೂಟರ್‌ನೊಂದಿಗೇ ಬಂದ 192.168.1 ಸರಣಿಯ ವಿಳಾಸಗಳಿದ್ದರೆ ಅವು ಒಂದಕ್ಕೊಂದು ಡಿಕ್ಕಿಯಾಗುತ್ತವೆ; ಆದ್ದರಿಂದ ಸುರಂಗ ಕಟ್ಟುವ ಮುನ್ನ ಒಂದು ಕಚೇರಿಯ ಸರಣಿಯನ್ನು 192.168.20 ಎಂಬಂತೆ ಬದಲಿಸಿಕೊಳ್ಳಿ. ವಿಳಾಸಗಳನ್ನು ನ್ಯಾಟ್ (ದಾರಿಯಲ್ಲಿ ವಿಳಾಸ ಬದಲಿಸುವ ರೂಟರ್ ಸೌಲಭ್ಯ) ಮೂಲಕ ಮರುಹೊಂದಿಸಿ ಕೆಲಸ ಸಾಗಿಸಬಹುದಾದರೂ, ಮುಂದೆ ದೋಷ ಹುಡುಕುವವರಿಗೆ ಅದು ದೊಡ್ಡ ತಲೆನೋವಾಗುತ್ತದೆ.

ಪ್ರಿಂಟರ್‌ಗೆ ಸ್ಥಿರ ವಿಳಾಸ ಕೊಡುವಾಗ ಗೇಟ್‌ವೇ (ಹೊರಗಿನ ಜಾಲಕ್ಕೆ ದಾರಿಯಾಗುವ ರೂಟರ್‌ನ ವಿಳಾಸ) ಸ್ಥಳವನ್ನು ಖಾಲಿ ಬಿಡಬೇಡಿ. ಗೇಟ್‌ವೇ ಇಲ್ಲದ ಪ್ರಿಂಟರ್ ತನ್ನದೇ ಕಚೇರಿಯ ಕಂಪ್ಯೂಟರ್‌ಗಳಿಗೆ ಯಾವ ಕೊರತೆಯೂ ಇಲ್ಲದೆ ಮುದ್ರಿಸುತ್ತದೆ. ಆದರೆ ದೂರದ ಕಚೇರಿಯಿಂದ ಬಂದ ವಿನಂತಿಗೆ ಉತ್ತರವನ್ನು ಎಲ್ಲಿಗೆ ಕಳುಹಿಸಬೇಕೆಂದು ಅದಕ್ಕೆ ತಿಳಿಯದ ಕಾರಣ ಸಂಪರ್ಕವೇ ಏರ್ಪಡುವುದಿಲ್ಲ. ಪ್ರಿಂಟರ್‌ನ ವೆಬ್ ಪುಟದಲ್ಲಿ ಗೇಟ್‌ವೇ ಜೊತೆಗೆ ಅನುಮತಿಸಿದ ವಿಳಾಸಗಳ ಪಟ್ಟಿಯನ್ನೂ ನೋಡಿ, ಮುದ್ರಣ ಕಳುಹಿಸುವ ಸರ್ವರ್‌ನ ವಿಳಾಸ ಅದರಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಪ್ರಿಂಟರ್‌ಗಳನ್ನು ತಾನಾಗಿ ಪತ್ತೆಹಚ್ಚುವ ಬೊನ್‌ಜೋರ್ ಸಂದೇಶಗಳು ಸಾಮಾನ್ಯವಾಗಿ ರೂಟರ್ ದಾಟುವುದಿಲ್ಲವಾದ್ದರಿಂದ, ದೂರದ ಪ್ರಿಂಟರನ್ನು ಐಪಿ ವಿಳಾಸ ಅಥವಾ ಡಿಎನ್‌ಎಸ್ ಹೆಸರು ಕೊಟ್ಟು ಕೈಯಾರೆ ಸೇರಿಸಬೇಕಾಗುತ್ತದೆ.

ಪ್ರಿಂಟರ್ ಬೆಂಬಲಿಸುವುದಾದರೆ 631 ಪೋರ್ಟ್ ಬಳಸುವ ಐಪಿಪಿ ಎಂಬ ಮುದ್ರಣ ನಿಯಮಾವಳಿಯನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಕೆಲಸದ ಸ್ಥಿತಿಗತಿಯನ್ನು ಅದು ಸ್ಪಷ್ಟವಾಗಿ ತಿಳಿಸುತ್ತದೆ. ಹಳೆಯ ಯಂತ್ರಗಳಿಗೆ 9100 ಅಥವಾ ಎಲ್‌ಪಿಡಿ ಎಂಬ ಹಳೆಯ ಮುದ್ರಣ ನಿಯಮಾವಳಿಯ 515 ಸಾಕು. ಬಳಸುವ ಪೋರ್ಟನ್ನು ಮಾತ್ರ ಸುರಂಗದ ಫೈರ್‌ವಾಲ್ ನಿಯಮದಲ್ಲಿ ತೆರೆಯಿರಿ.

ಇನ್ನು ದತ್ತಾಂಶದ ಗಾತ್ರ. ಒಂದು ಎಂಬಿಯ ಪಿಡಿಎಫ್ ಕಡತವೂ ಡ್ರೈವರ್ ಅದನ್ನು ಚಿತ್ರರೂಪಕ್ಕೆ ತಿರುಗಿಸಿದ ಮೇಲೆ ಹತ್ತಾರು ಎಂಬಿ ಆಗಬಹುದು. 40 ಎಂಬಿಯ ಕೆಲಸವು 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್; ಎಂಟು ಬಿಟ್‌ಗೆ ಒಂದು ಬೈಟ್) ಸಂಪರ್ಕದಲ್ಲಿ ಸಾಗಲು, ಬೇರೆ ಯಾವ ಸಂಚಾರ ಇಲ್ಲದಿದ್ದರೂ, 32 ಸೆಕೆಂಡು ಬೇಕು. ಶಾಖೆಯ ಕಂಪ್ಯೂಟರ್ ಪಕ್ಕದಲ್ಲೇ ಇರುವ ಪ್ರಿಂಟರ್‌ಗೆ ಮುಖ್ಯ ಕಚೇರಿಯ ಪ್ರಿಂಟ್ ಸರ್ವರ್ ಮೂಲಕ ಕಳುಹಿಸಿದರೆ ಅದೇ ಕೆಲಸ ವ್ಯಾನ್ ಅನ್ನು ಎರಡು ಸಲ ದಾಟುತ್ತದೆ. ವಿಂಡೋಸ್ ಸರ್ವರ್ 2012ರಲ್ಲಿ ಬಂದ ಬ್ರಾಂಚ್ ಆಫೀಸ್ ಡೈರೆಕ್ಟ್ ಪ್ರಿಂಟಿಂಗ್ ಸೌಲಭ್ಯ ಇದಕ್ಕೆ ನೇರ ಪರಿಹಾರ: ಕ್ಯೂ (ಮುದ್ರಣದ ಸರದಿ) ನಿರ್ವಹಣೆ ಸರ್ವರ್‌ನಲ್ಲೇ ಉಳಿಯುತ್ತದೆ, ದತ್ತಾಂಶ ಮಾತ್ರ ಶಾಖೆಯ ಕಂಪ್ಯೂಟರ್‌ನಿಂದ ಪ್ರಿಂಟರ್‌ಗೆ ನೇರವಾಗಿ ಹೋಗುತ್ತದೆ. ಪ್ರತಿಯೊಂದು ಪುಟದ ಲೆಕ್ಕವನ್ನು ಸರ್ವರ್ ಮೂಲಕವೇ ಇಡುವ ತಂತ್ರಾಂಶ ನಿಮ್ಮಲ್ಲಿದ್ದರೆ, ಈ ಸೌಲಭ್ಯ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಹಲವು ಪ್ರಿಂಟರ್‌ಗಳಿರುವ ಶಾಖೆಯಲ್ಲಿ ಚಿಕ್ಕದೊಂದು ಸ್ಥಳೀಯ ಪ್ರಿಂಟ್ ಸರ್ವರ್ ಇಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ವ್ಯಾನ್ ಕಡಿದುಹೋದ ದಿನವೂ ಅಲ್ಲಿನವರ ಮುದ್ರಣ ನಿಲ್ಲುವುದಿಲ್ಲ.

ಪ್ರಿಂಟರ್ ಚಾಲನೆಯಲ್ಲಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದು ತೋರಿಸಿದರೆ, ಟಿಸಿಪಿ ಐಪಿ ಪೋರ್ಟ್‌ನ ಹೊಂದಾಣಿಕೆಯಲ್ಲಿರುವ ಎಸ್‌ಎನ್‌ಎಂಪಿ (ಜಾಲದ ಸಾಧನಗಳ ಸ್ಥಿತಿ ವಿಚಾರಿಸುವ ವಿಧಾನ) ಸ್ಟೇಟಸ್ ಎಂಬ ಟಿಕ್ ಗುರುತನ್ನು ನೋಡಿ. ಸ್ಥಿತಿ ವಿಚಾರಿಸುವ ಈ ಸಂದೇಶ ಯುಡಿಪಿ 161 ಪೋರ್ಟ್‌ನಲ್ಲಿ ಹೋಗುತ್ತದೆ. ಫೈರ್‌ವಾಲ್ ಅದನ್ನು ತಡೆದಾಗ ಉತ್ತರ ಬಾರದೆ ವಿಂಡೋಸ್ ತಪ್ಪಾಗಿ ತೀರ್ಮಾನಿಸುತ್ತದೆ. ಆ ಪೋರ್ಟನ್ನು ತೆರೆಯಿರಿ, ಇಲ್ಲವೇ ಗುರುತನ್ನು ತೆಗೆದುಹಾಕಿ.

ಚಿಕ್ಕ ಪುಟ ಮುದ್ರಣವಾಗಿ ದೊಡ್ಡ ಕಡತ ಅರ್ಧದಲ್ಲೇ ನಿಲ್ಲುತ್ತಿದ್ದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಅನುಮಾನ ಪಡಬೇಕು. ಪ್ಯಾಕೆಟ್ ಒಡೆಯಬಾರದೆಂಬ ಆಯ್ಕೆಯೊಂದಿಗೆ 1472 ಬೈಟ್‌ಗಳ ಪಿಂಗ್ (ತಲುಪಿತೇ ಎಂದು ತಿಳಿಯುವ ಪರೀಕ್ಷಾ ಸಂದೇಶ) ಕಳುಹಿಸಿ. ಅದು ವಿಫಲವಾಗಿ 1372 ಬೈಟ್‌ಗಳದು ತಲುಪಿದರೆ, ಸುರಂಗದ ಹೊದಿಕೆ ಜಾಗ ತಿನ್ನುತ್ತಿದೆ ಎಂದರ್ಥ. ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಸಾಗುವ ದತ್ತಾಂಶದ ಗಾತ್ರ) ಮಿತಿಯನ್ನು 1360ಕ್ಕೆ ಇಳಿಸಿ.

ಮುದ್ರಣಕ್ಕೆ ಧ್ವನಿ ಕರೆಗಳಿಗಿಂತ ಕಡಿಮೆ ಆದ್ಯತೆ ಕೊಡಿ. ವೇತನಪಟ್ಟಿಯಂಥ ಕಾಗದಗಳು ದೂರದ ಟ್ರೇಯಲ್ಲಿ ಯಾರ ಕಣ್ಣಿಗೂ ಬೀಳದಂತೆ, ಪ್ರಿಂಟರ್ ಮುಂದೆ ನಿಂತು ಪಿನ್ ಒತ್ತಿದ ಮೇಲೆಯೇ ಮುದ್ರಣವಾಗುವ ವ್ಯವಸ್ಥೆ ಮಾಡಿ. ಕೊನೆಯ ಪರೀಕ್ಷೆಯನ್ನು ಎರಡೂ ಕಚೇರಿಗಳಲ್ಲಿ ಕೆಲಸ ಬಿರುಸಾಗಿರುವ ಹೊತ್ತಿನಲ್ಲಿ, ಚಿತ್ರಗಳಿಂದ ತುಂಬಿದ ಕಡತದಿಂದಲೇ ಮಾಡಿ, ಕೊನೆಯ ಪುಟ ಹೊರಬರುವವರೆಗೂ ಒಬ್ಬರನ್ನು ಪ್ರಿಂಟರ್ ಬಳಿ ನಿಲ್ಲಿಸಿ.