ಮೈಕ್ರೋಕಂಟ್ರೋಲರ್ ಕಲಿಕೆ: ಮೊದಲು ಒಂದು ಎಲ್‌ಇಡಿ ಬೆಳಗಲಿ

ಮೈಕ್ರೋಕಂಟ್ರೋಲರ್ (ನಾವು ಬರೆದ ಪ್ರೋಗ್ರಾಮಿನಂತೆ ಉಪಕರಣಗಳನ್ನು ನಿಯಂತ್ರಿಸುವ ಪುಟ್ಟ ಚಿಪ್) ಕಲಿಯಲು ಹೊರಡುವವರಿಗೆ ಹತ್ತಾರು ಸೆನ್ಸರ್‌ಗಳಿರುವ ದುಬಾರಿ ಕಿಟ್ ಬೇಕಿಲ್ಲ. ಒಂದು ಆರ್ಡುಯಿನೊ ಯುನೊ ಆರ್3 (ಮೈಕ್ರೋಕಂಟ್ರೋಲರ್ ಕೂರಿಸಿದ ಬೋರ್ಡ್), ಯುಎಸ್‌ಬಿ ಕೇಬಲ್, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಜೋಡಿಸುವ ರಂಧ್ರಗಳ ಹಲಗೆ), ಕೆಲವು ಜಂಪರ್ ವೈರ್‌, ಕೆಂಪು ಎಲ್‌ಇಡಿ, ಕರೆಂಟಿಗೆ ತಡೆಯೊಡ್ಡುವ 220 ಓಮ್ ರೆಸಿಸ್ಟರ್ ಮತ್ತು ಒಂದು ಪುಶ್ ಬಟನ್ ಇದ್ದರೆ ಆರಂಭಕ್ಕೆ ಸಾಕು. ಉಳಿದ ಹಣದಲ್ಲಿ ವೋಲ್ಟ್, ಕರೆಂಟ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಕೊಳ್ಳುವುದು ಲೇಸು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ಬಿಡಿಯಾಗಿಯೇ ಸಿಗುತ್ತವೆ.

2005ರಲ್ಲಿ ಇಟಲಿಯ ಇವ್ರೆಯದಲ್ಲಿ ರೂಪುಗೊಂಡ ಆರ್ಡುಯಿನೊದ ವಿನ್ಯಾಸ ಮುಕ್ತವಾಗಿರುವುದರಿಂದ ಅದರ ಅಗ್ಗದ ತದ್ರೂಪಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಹಲವು ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಎಂಬ ಚಿಪ್ ಬಳಸುತ್ತವೆ. ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಆ ಚಿಪ್‌ನ ಡ್ರೈವರ್ ತಂತ್ರಾಂಶ ಹಾಕಿ ನೋಡಬೇಕು. ಕೇಬಲ್ ಚಾರ್ಜಿಂಗಿಗೆ ಮಾತ್ರ ಮಾಡಿದ್ದಾಗಿದ್ದರೂ ಇದೇ ತೊಂದರೆ ಬರುತ್ತದೆ.

ಮೊದಲು ಪ್ರೋಗ್ರಾಮ್ ಬರೆದು ಬೋರ್ಡಿಗೆ ಕಳಿಸುವ ಆರ್ಡುಯಿನೊ ಐಡಿಇ ತಂತ್ರಾಂಶವನ್ನು ಅನುಸ್ಥಾಪಿಸಿ, ಬೋರ್ಡ್ ಮತ್ತು ಪೋರ್ಟ್ ಆರಿಸಿ, ಉದಾಹರಣೆಗಳಲ್ಲಿರುವ ‘ಬ್ಲಿಂಕ್’ ಪ್ರೋಗ್ರಾಮನ್ನು ಅಪ್‌ಲೋಡ್ ಮಾಡಿ. ಬೋರ್ಡಿನ ಮೇಲೆಯೇ ಇರುವ ಪುಟ್ಟ ಎಲ್‌ಇಡಿ ಒಂದು ಸೆಕೆಂಡ್ ಹೊತ್ತಿ, ಒಂದು ಸೆಕೆಂಡ್ ಆರಿರುತ್ತದೆ. ಪ್ರೋಗ್ರಾಮಿನಲ್ಲಿ ಎರಡು ಕಡೆ ಬರುವ 1000 ಎಂಬುದು ಮಿಲಿಸೆಕೆಂಡುಗಳ ಲೆಕ್ಕ. ಅದನ್ನು 200 ಮಾಡಿ, ಮತ್ತೆ ಅಪ್‌ಲೋಡ್ ಮಾಡಿ ವ್ಯತ್ಯಾಸ ಗಮನಿಸಿ.

ಈಗ ಹೊರಗಿನ ಎಲ್‌ಇಡಿ. ಯುಎಸ್‌ಬಿ ಕಳಚಿಟ್ಟು, ಬೋರ್ಡಿನ ಅಂಚಿನ 8ನೇ ಪಿನ್‌ನಿಂದ (8 ಎಂದು ಗುರುತಿರುವ, ವೈರ್ ಸಿಕ್ಕಿಸುವ ರಂಧ್ರ) ರೆಸಿಸ್ಟರಿಗೆ, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲಿನಿಂದ ಗ್ರೌಂಡಿಗೆ (ಬೋರ್ಡಿನಲ್ಲಿ GND ಎಂದಿರುವಲ್ಲಿಗೆ) ಜೋಡಿಸಿ, ಪ್ರೋಗ್ರಾಮಿನಲ್ಲಿಯೂ LED_BUILTIN ಎಂದಿರುವ ಕಡೆಯೆಲ್ಲ ಪಿನ್ ಸಂಖ್ಯೆ 8 ಎಂದು ಬರೆದು, ಯುಎಸ್‌ಬಿ ಮತ್ತೆ ಜೋಡಿಸಿ ಅಪ್‌ಲೋಡ್ ಮಾಡಿ. ರೆಸಿಸ್ಟರ್ ಏಕೆ ಎಂಬುದನ್ನು ಇಲ್ಲಿಯೇ ಲೆಕ್ಕ ಹಾಕಿ ತಿಳಿಯುವುದು ಒಳ್ಳೆಯದು: ಪಿನ್ ಕೊಡುವ 5 ವೋಲ್ಟ್‌ನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಹರಿಯುವ ಕರೆಂಟ್ ಸುಮಾರು 14 ಮಿಲಿಆಂಪಿಯರ್. ಒಂದು ಪಿನ್‌ನಿಂದ 20 ಮಿಲಿಆಂಪಿಯರ್ ಮೀರದಂತೆ ನೋಡಿಕೊಳ್ಳಬೇಕಾದ್ದರಿಂದ ಇದು ಸುರಕ್ಷಿತ. ಎಲ್‌ಇಡಿ ಹೊತ್ತದಿದ್ದರೆ ಪ್ರೋಗ್ರಾಮನ್ನು ಅನುಮಾನಿಸುವ ಮುನ್ನ ಬ್ರೆಡ್‌ಬೋರ್ಡ್ ನೋಡಿ. ಅದರಲ್ಲಿ ಐದೈದು ರಂಧ್ರಗಳ ಸಾಲು ಒಳಗೇ ಕೂಡಿಕೊಂಡಿರುತ್ತದೆ, ನಡುವಿನ ತೋಡಿನಾಚೆಗೆ ಸಂಪರ್ಕವಿರುವುದಿಲ್ಲ. ಎಲ್‌ಇಡಿಯ ಎರಡೂ ಕಾಲು ಒಂದೇ ಸಾಲಿಗೆ ಬಿದ್ದಿದ್ದರೆ ಅದು ಎಂದಿಗೂ ಹೊತ್ತದು.

ಬಟನ್‌ ಅನ್ನು ಆ ತೋಡಿನ ಮೇಲೆ ಅಡ್ಡಲಾಗಿ ಕೂರಿಸಿ, ಕರ್ಣದ ಎರಡು ಕಾಲುಗಳಲ್ಲಿ ಒಂದನ್ನು 2ನೇ ಪಿನ್‌ಗೆ, ಇನ್ನೊಂದನ್ನು ಗ್ರೌಂಡಿಗೆ ಸೇರಿಸಿ. ಪಿನ್‌ನ ಒಳಗಿನ ಪುಲ್-ಅಪ್ ರೆಸಿಸ್ಟರನ್ನು (ಬಟನ್ ಒತ್ತದಿರುವಾಗ ಪಿನ್ನನ್ನು 5 ವೋಲ್ಟ್‌ನತ್ತ ಎಳೆದಿಡುವುದು) ಪ್ರೋಗ್ರಾಮಿನಲ್ಲಿ ಚಾಲೂ ಮಾಡದಿದ್ದರೆ, ಬಟನ್ ಒತ್ತದಿರುವಾಗಲೂ ಪಿನ್ ಮನಬಂದಂತೆ ಸೊನ್ನೆ, ಒಂದು ಎಂದು ಹೇಳುತ್ತಿರುತ್ತದೆ. ಚಾಲೂ ಮಾಡಿದಾಗ ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು.

ಮುಂದೆ ಮೋಟಾರ್ ಓಡಿಸುವ ಆಸೆ ಬರುವುದು ಸಹಜ. ಅದನ್ನು ಪಿನ್‌ಗೆ ನೇರವಾಗಿ ಜೋಡಿಸದೆ, ನಡುವೆ ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡದನ್ನು ನಿಯಂತ್ರಿಸುವ ಭಾಗ), ಮೋಟಾರಿಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಬೇರೆಯೇ ಬ್ಯಾಟರಿ ಬಳಸಿ, ಬೋರ್ಡ್ ಮತ್ತು ಬ್ಯಾಟರಿ ಎರಡರ ಗ್ರೌಂಡ್‌ಗಳನ್ನೂ ಕೂಡಿಸಬೇಕು. ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಿ ಮನೆಯ 230 ವೋಲ್ಟ್ ದೀಪ ಬೆಳಗಿಸುವ ಪ್ರಯೋಗಗಳು ಎಷ್ಟೇ ಸುಲಭವಾಗಿ ಕಂಡರೂ, ಈ ಹಂತದಲ್ಲಿ ಅವುಗಳ ತಂಟೆಗೆ ಹೋಗಬಾರದು.