ಹಳೇ ಕಿಟಕಿ ಉಳಿಯಲಿ, ಸೀಸದ ಧೂಳು ಬೇಡ

ಧಾರವಾಡದ ಮಾಳಮಡ್ಡಿಯ ನಮ್ಮ ಹಳೇ ಮನೆಯ ಕಿಟಕಿ ಮಳೆಗಾಲದಲ್ಲಿ ಉಬ್ಬುತ್ತದೆ. ಗುದ್ದಿಯೇ ಮುಚ್ಚಬೇಕು. ಗುದ್ದಿದಾಗಲೆಲ್ಲ ಹಳೇ ಬಣ್ಣದ ಹಸಿರು ಪುಡಿ ಕಿಟಕಿ ಕಟ್ಟೆ ಮೇಲೆ ಉದುರುತ್ತದೆ. ಅದೇ ಕಟ್ಟೆ ಹಿಡಿದು ಮಗು ರಸ್ತೆ ನೋಡುತ್ತದೆ, ಆಮೇಲೆ ಬೆರಳು ಬಾಯಿಗೆ. ಹಳೇ ಬಣ್ಣದಲ್ಲಿರುವ ಸೀಸ (ಲೆಡ್) ಎಂಬ ವಿಷದ ಲೋಹ ಮೈ ಸೇರಲು ಇಷ್ಟು ಸಾಕು.

ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಆಯಿಲ್ ಪೇಂಟ್ ಇದ್ದರೆ, ಅದರಲ್ಲೂ ಹಳದಿ, ಹಸಿರು ಇದ್ದರೆ, ಸೀಸ ಇದೆ ಅಂತಲೇ ತಿಳಿದು ಕೈ ಹಾಕಿ. ಚಿಕ್ಕ ಮಕ್ಕಳ ಮೆದುಳಿಗೆ ಇದರಿಂದ ಆಗುವ ಹಾನಿ ಮತ್ತೆ ಸರಿಹೋಗುವುದಿಲ್ಲ.

ಹಾಗಂತ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕಿಸಬೇಡಿ. ನಮ್ಮ ಬಡಿಗರು ಸಾಗವಾನಿ ಚೌಕಟ್ಟು ಸವರಿ, "ಇಂಥಾ ಕಟಗಿ ಈಗ ಎಲ್ಲಿ ಸಿಗತೈತ್ರೀ?" ಅಂದರು. ಬಣ್ಣ ಪೂರ್ತಿ ಕೆರೆಯುವ ಅಗತ್ಯವೂ ಇಲ್ಲ. ಗಟ್ಟಿಯಾಗಿ ಕೂತಿರುವ ಬಣ್ಣದ ಮೇಲೆ ಹೊಸ ಬಣ್ಣ ಬಳಿದರೆ ನಡೆಯುತ್ತದೆ. ತಂಟೆ ಇರುವುದು ಕಟ್ಟಿಗೆಗೆ ಕಟ್ಟಿಗೆ ಉಜ್ಜುವ ಕಡೆ: ಕದದ ಅಂಚು, ಕದ ಬಂದು ಕೂರುವ ಚೌಕಟ್ಟಿನ ಜಾಗ, ಬಿಜಾಗರಿಯ ಸುತ್ತ.

ಮೊದಲು ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಗೆ ಕಳಿಸಿ. ಫ್ಯಾನ್ ಆರಿಸಿ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪ್ ಹಚ್ಚಿ. ಮೂಗಿಗೆ ಕರವಸ್ತ್ರ ಸಾಲದು. ತೀರಾ ಸಣ್ಣ ಧೂಳನ್ನೂ ತಡೆಯುವ ಪಿ-100 ಮಾಸ್ಕ್ ಒಳ್ಳೆಯದು, ಎನ್-95ಕ್ಕಿಂತ ಕಡಿಮೆಯದು ಬೇಡ. ಕದ ಬಿಚ್ಚಿದರೆ ಹಿಂದೆ ನಂಬರ್ ಬರೆದಿಡಿ. ಹಳೇ ಕದ ಅದರದೇ ಚೌಕಟ್ಟಿಗೆ ಮಾತ್ರ ಕೂರುತ್ತದೆ.

ಇನ್ನು ಕೆರೆಯುವುದು. ಸ್ಪ್ರೇ ಬಾಟಲಿಯಿಂದ ನೀರು ಹೊಡೆದು, ಒಂದು ಗೇಣು ಜಾಗವಷ್ಟೇ ನೆನೆಸಿ, ಮೆಲ್ಲಗೆ ಕೆರೆಯಿರಿ. ಒಣಗಿತು ಅನ್ನಿಸಿದರೆ ಮತ್ತೆ ನೀರು. ನಮ್ಮಲ್ಲಿ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದು ಕಂಡಿತು. ನುಣುಪು ಮಾಡಲು ವಾಟರ್ ಪೇಪರನ್ನೇ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಬಳಸಿ, ಅದೂ ಒದ್ದೆ ಮಾಡಿ. ಪೇಂಟರ್ ಉಜ್ಜುವ ಮಷೀನ್ ತಂದರೆ, ಬಣ್ಣ ಸುಟ್ಟು ತೆಗೆಯುವ ಬ್ಲೋ ಲ್ಯಾಂಪ್ ಹೊತ್ತಿಸಿದರೆ, ಖಡಾಖಂಡಿತ ಬೇಡ ಅನ್ನಿ. ಒಂದರಿಂದ ಸೀಸದ ಧೂಳು, ಇನ್ನೊಂದರಿಂದ ಸೀಸದ ಹೊಗೆ.

ಕಸವನ್ನು ಹಾಳೆಯ ಸಮೇತ ಒಳಮುಖವಾಗಿ ಸುತ್ತಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಕಸಬರಿಗೆ ಮುಟ್ಟಬೇಡಿ, ಸೋಪು ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಬಣ್ಣ ಹತ್ತಿದ ಕಟ್ಟಿಗೆ ತುಂಡನ್ನು ಬಚ್ಚಲ ಒಲೆಗೆ ಹಾಕುವ ರೂಢಿ ಇದೆಯಲ್ವಾ, ಅದು ಬೇಡವೇ ಬೇಡ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ.

ಕಟ್ಟಿಗೆ ಒಣಗಿದ ಮೇಲೆ ಲಿನ್‌ಸೀಡ್ ಎಣ್ಣೆ ಸವರಿ. ನಮ್ಮ ಅಗಸಿಯದೇ ಎಣ್ಣೆ, ಆದರೆ ಪೇಂಟ್ ಅಂಗಡಿಯದು ಬೇಕು. ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೆದರೆ ತಾನೇ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ. ಹೊಸ ಬಣ್ಣದ ಡಬ್ಬಿ ಮೇಲೆ 90 ಪಿಪಿಎಂ ಮಾತು ಇದೆಯೇ ನೋಡಿ. ಉಜ್ಜುವ ಅಂಚುಗಳಿಗೆ ಬಣ್ಣವೇ ಬೇಡ, ಮೇಣದಬತ್ತಿ ತಿಕ್ಕಿದರೆ ಕದ ಸಲೀಸಾಗಿ ಜಾರುತ್ತದೆ.