ಟೂ-ವೀಲ್ ಪಿಕಪ್ ಮಳೆಗಾಲದಲ್ಲಿ ತೋಟದ ಏರು ಹತ್ತಿದ ಬಗೆ: ನನ್ನ ಅನುಭವ

2024ರ ಜುಲೈ ತಿಂಗಳಲ್ಲಿ, ಸಕಲೇಶಪುರದ ಕೆಳಗೆ ದೊಡ್ಡತಪ್ಪಲೆಯ ಬಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಸಂಚಾರ ನಿಂತಿದ್ದ ದಿನಗಳಲ್ಲಿ, ನನ್ನ 2008ರ ಮಾಡೆಲ್ ಮಹೀಂದ್ರ ಪಿಕಪ್ ಆರು ಚೀಲ ಗೊಬ್ಬರ ಹೊತ್ತುಕೊಂಡು ನಮ್ಮ ತೋಟದ ಹಲಸಿನ ಮರದ ತಿರುವನ್ನು ಚೈನ್ ಕಟ್ಟದೆ, ಯಾರೂ ತಳ್ಳದೆ ಏರಿತು. ಇದು ಫೋರ್-ವೀಲ್ ಗಾಡಿಯಲ್ಲ, ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುವ ಸಾಮಾನ್ಯ ಸರಕು ಗಾಡಿ. ಆ ತಿರುವಿನಲ್ಲಿ ಏರು ಸುಮಾರು ನಾಲ್ಕು ಅಡಿಗೆ ಒಂದು ಅಡಿ ಇದೆ. ಕೆಳಗೆ ಜಂಬಿಟ್ಟಿಗೆ ಕಲ್ಲಿನ ಗಟ್ಟಿ ನೆಲವೂ ಅದರ ಮೇಲೆ ಒಂದು ಗೇಣಿನಷ್ಟು ಕೆಂಪು ಜೇಡಿಮಣ್ಣಿನ ಕೆಸರೂ ಇರುವ ಜಾಗವದು. ಪಕ್ಕದ ತೋಟದವರು ತಮ್ಮ ಮಹೀಂದ್ರ 540 ಜೀಪಿಗೆ ಅಲ್ಲಿ ಪ್ರತಿ ವರ್ಷ ಚೈನ್ ಕಟ್ಟುತ್ತಾರೆ. "ಟೂ-ವೀಲಿಗೆ ಏನ್ ಮಾಡಿದ್ರೂ ಅಷ್ಟೇ ಭಾವ, ಮಳೆ ಹಿಡಿದ್ಮೇಲೆ ಶೆಡ್ಡಿಗೆ ಸೇರಿಸ್ಬಿಡಿ" ಎಂದು ಅವರು ಮೂರು ವರ್ಷ ನನಗೆ ಹೇಳಿದ್ದರು. ಪೇಟೆಯ ಮೇಸ್ತ್ರಿಗಳೂ ಅದನ್ನೇ ಹೇಳಿದ್ದರು. ಹೀಗಾಗಿ ಈ ಕೆಲಸ ಹೇಗೆ ಕೈಗೂಡಿತು, ಅದಕ್ಕೂ ಮೊದಲು ಎಲ್ಲೆಲ್ಲಿ ಹಣ ಕಳೆಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಮುಂದಿನ ಆಕ್ಸಲ್ ಬದಲಿಸಿ ಗಾಡಿಯನ್ನು ಫೋರ್-ವೀಲ್ ಮಾಡಿಸುವ ವಿಚಾರವನ್ನು ನಾನು ಮೊದಲೇ ಕೈಬಿಟ್ಟೆ. ಹಳೆಯ ಗಾಡಿಯ ಆಕ್ಸಲ್, ಮುಂದಿನ ಚಕ್ರಗಳಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಕೂಲಿ ಎಲ್ಲ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚಾಗುತ್ತದೆ ಎಂದು ಒಬ್ಬರು ಲೆಕ್ಕ ಕೊಟ್ಟಿದ್ದರು. ಗಾಡಿಯ ಬೆಲೆಯೇ ಎರಡು ಲಕ್ಷ ದಾಟದಿರುವಾಗ ಅದು ಸರಿಯೆನಿಸಲಿಲ್ಲ. ಜೊತೆಗೆ, ಕಂಪನಿಯ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಲಮಿನ ಬಗ್ಗೆ ಕೊಟ್ಟ ತೀರ್ಪೂ ಇದೆ. ನನ್ನ ಗಾಡಿ ಪ್ರತಿ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ಹೋಗಬೇಕಾದ ಹಳದಿ ಬೋರ್ಡಿನ ಗಾಡಿ. ಆದ್ದರಿಂದ ಚಾಸಿ, ಎಂಜಿನ್, ಆಕ್ಸಲ್ ಇವು ಯಾವುವನ್ನೂ ಮುಟ್ಟದೆ ಆಗುವಷ್ಟನ್ನೇ ಮಾಡಬೇಕೆಂದು ನಿರ್ಧರಿಸಿದೆ.

ಮೊದಲ ತಪ್ಪು 2021ರಲ್ಲಿ ಆಯಿತು. ಎಲ್ಲರೂ ಮಾಡುವಂತೆ ನಾನೂ ಗಾಡಿಯನ್ನು ಎತ್ತರ ಮಾಡಿದೆ. ಹಿಂದಿನ ಬ್ಲೇಡ್ ಸೆಟ್ಟನ್ನು (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಚಾಸಿಗೆ ಜೋಡಿಸುವ ಶಾಕಲ್ ಎಂಬ ಕೊಂಡಿಯನ್ನು ಮೂಲದ್ದಕ್ಕಿಂತ ಸುಮಾರು ಮೂರು ಇಂಚು ಉದ್ದವಾಗಿ ಮಾಡಿಸಿ ಹಾಕಿ, ಮುಂದಕ್ಕೂ ಅದೇ ಅಳತೆಯದನ್ನು ಕೊಟ್ಟೆ. ನೋಡಲು ಚೆನ್ನಾಗಿತ್ತು, ಆದರೆ ಗಾಡಿ ಏರು ಹತ್ತುವುದು ಮೊದಲಿಗಿಂತ ಕಡಿಮೆಯಾಯಿತು. ಗಂಟೆಗೆ 40 ಕಿಲೋಮೀಟರ್ ದಾಟಿದರೆ ಗಾಡಿಯ ಅಡಿಯಿಂದ ನಡುಕ ಶುರುವಾಗುತ್ತಿತ್ತು, ಏಕೆಂದರೆ ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿತ್ತು. ಎರಡು ತಿಂಗಳಲ್ಲಿ ಆ ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳಲ್ಲಿ ಎರಡು ಹೋದವು. ಸ್ಟೇರಿಂಗ್ ನೇರ ರಸ್ತೆಯಲ್ಲೂ ಅತ್ತಿತ್ತ ಎಳೆಯತೊಡಗಿತು. ಶಾಕಲ್ ಮಾಡಿಸಿದ್ದು, ಕ್ರಾಸ್ ಬದಲಿಸಿದ್ದು, ಮತ್ತೆ ಎಲ್ಲವನ್ನೂ ಹಿಂದಿನಂತೆ ಕೂರಿಸಿದ್ದು ಸೇರಿ ಸುಮಾರು 14,000 ರೂಪಾಯಿ ಕಳೆಯಿತು.

ಎರಡನೆಯದು ಅಗಲ ಟೈರ್. ಸೆಕೆಂಡ್ ಹ್ಯಾಂಡಿನಲ್ಲಿ 235 ಮಿಲಿಮೀಟರ್ ಅಗಲದ ನಾಲ್ಕು ಟೈರ್ ಸಿಕ್ಕವು. ಮರಳಿಗೆ ಅಗಲ ಟೈರ್ ಒಳ್ಳೆಯದೇ, ಆದರೆ ನಮ್ಮ ಕೆಸರಿಗೆ ಗಟ್ಟಿ ತಳವಿದೆ. ಅಗಲ ಟೈರ್ ಆ ತಳವನ್ನು ಮುಟ್ಟದೆ ಮೇಲಿನ ಜೇಡಿಯ ಮೇಲೆಯೇ ಜಾರಿಕೊಂಡು ಕೂರುತ್ತದೆ, ಅದರ ಗೀರುಗಳಲ್ಲಿ ಮಣ್ಣು ತುಂಬಿ ಅರ್ಧ ನಿಮಿಷದಲ್ಲಿ ಬೋಳು ಟೈರಿನಂತಾಗುತ್ತದೆ. ಮಾರಿದಾಗ 9,000 ರೂಪಾಯಿ ನಷ್ಟವಾಯಿತು. ಈಗ ಹಿಂದಿನ ಎರಡು ಚಕ್ರಗಳಿಗೆ 7.00-15 ಅಳತೆಯ ಲಗ್ ಟೈರ್ (ದಪ್ಪ ಅಡ್ಡಪಟ್ಟಿಗಳಿರುವ ಟೈರ್) ಹಾಕಿದ್ದೇನೆ. ಕಿರಿದಾಗಿರುವುದರಿಂದ ಅವು ಕೆಸರನ್ನು ಸೀಳಿ ಜಂಬಿಟ್ಟಿಗೆಯನ್ನು ಹಿಡಿಯುತ್ತವೆ, ತಿರುಗುವಾಗ ಮಣ್ಣನ್ನು ತಾವೇ ಉದುರಿಸಿಕೊಳ್ಳುತ್ತವೆ.

ಮೂರನೆಯ ತಪ್ಪು ಎಲ್ಲಕ್ಕಿಂತ ದುಬಾರಿಯಾಯಿತು. ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಒಳಗಿನ ಸ್ಪೈಡರ್ ಗೇರುಗಳನ್ನು ವೆಲ್ಡ್ ಮಾಡಿಸಿ ಎರಡೂ ಚಕ್ರಗಳು ಸದಾ ಒಟ್ಟಿಗೆ ತಿರುಗುವಂತೆ ಮಾಡಿಸಿದೆ. ಕೆಸರಿನಲ್ಲಿ ಗಾಡಿ ಅದ್ಭುತವಾಗಿ ಏರಿತು. ಆದರೆ ಡಾಂಬರಿನ ತಿರುವುಗಳಲ್ಲಿ ಒಳಗಿನ ಚಕ್ರ ಕಿರುಚುತ್ತಿತ್ತು, ಟೈರ್ ಕಣ್ಣೆದುರೇ ಸವೆಯುತ್ತಿತ್ತು. ಹನ್ನೊಂದನೆಯ ದಿನ ಸಂತೆಯಿಂದ ಹಿಂದಿರುಗುವಾಗ ಎಡಗಡೆಯ ಆಕ್ಸಲ್ ಶಾಫ್ಟ್ ಕಟ್ ಆಯಿತು. ಹಳೆಯ ಡಿಫರೆನ್ಷಿಯಲ್ ಹುಡುಕಿ ತಂದು ಕೂರಿಸುವಷ್ಟರಲ್ಲಿ 18,500 ರೂಪಾಯಿ ಆಯಿತು. ರಸ್ತೆಗೂ ತೋಟಕ್ಕೂ ಒಂದೇ ಗಾಡಿ ಇಟ್ಟುಕೊಂಡವರು ಯಾರೂ ವೆಲ್ಡ್ ಮಾಡಿಸಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಇಷ್ಟಾದ ಮೇಲೆ ಒಂದು ದಿನ ಶಾಕಲ್, ಟೈರ್ ಎಲ್ಲವನ್ನೂ ಮರೆತು, ಗಾಡಿಯನ್ನು ಖಾಲಿ ನಿಲ್ಲಿಸಿ ಹಿಂದಿನ ಬಲಚಕ್ರವನ್ನು ಜಾಕಿಯಿಂದ ಎತ್ತುತ್ತಾ ಹೋದೆ. ಐದು ಇಂಚು ಎತ್ತುವಷ್ಟರಲ್ಲಿ ಮುಂದಿನ ಬಲಚಕ್ರವೂ ನೆಲದ ಮೇಲೆ ಹಗುರಾಗಿತ್ತು. ಒಂದು ಟನ್ನಿಗಿಂತ ಹೆಚ್ಚು ಭಾರ ಹೊರಲು ಮಾಡಿದ ಬ್ಲೇಡ್ ಸೆಟ್ ಖಾಲಿ ಗಾಡಿಯಲ್ಲಿ ಬಾಗುವುದೇ ಇಲ್ಲ. ತೋಟದ ದಾರಿಯಲ್ಲಿ ಒಂದು ಚಕ್ರ ಕಲ್ಲಿನ ಮೇಲೆ ಏರಿದರೆ ಇನ್ನೊಂದು ಗಾಳಿಯಲ್ಲಿ ನಿಲ್ಲುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಎಂಜಿನ್ನಿನ ಬಲವೆಲ್ಲ ಹರಿದು ಹೋಗುತ್ತದೆ. ಗಾಡಿಗೆ ಬೇಕಾಗಿದ್ದದ್ದು ಬಾಗುವ ಗುಣ ಎಂದು ಅಂದು ಮನದಟ್ಟಾಯಿತು.

ಬ್ಲೇಡ್ ತೆಗೆಯುವುದರಲ್ಲೂ ಒಮ್ಮೆ ಎಡವಿದೆ. ಸೆಟ್ಟು ಬಾಗಲೆಂದು ಆತುರದಲ್ಲಿ ಮೇಲಿನಿಂದ ಎರಡನೆಯದನ್ನೂ ಸೇರಿಸಿ ಮೂರು ಬ್ಲೇಡ್ ತೆಗೆಸಿದೆ. ಮೊದಲ ಏರಿನಲ್ಲಿಯೇ ಎಲ್ಲಕ್ಕಿಂತ ಮೇಲಿನ ಮೈನ್ ಬ್ಲೇಡ್ ಹಾವಿನಂತೆ ತಿರುಚಿಕೊಂಡು, ಹೌಸಿಂಗ್ (ಡಿಫರೆನ್ಷಿಯಲ್ ಇರುವ ಹಿಂದಿನ ಆಕ್ಸಲ್ಲಿನ ಕವಚ) ಮೂತಿ ಎತ್ತಿ, ಹಿಂಭಾಗ ಕುಪ್ಪಳಿಸತೊಡಗಿತು. ಮೂರನೆಯ ಪ್ರಯತ್ನಕ್ಕೆ ಬ್ಲೇಡ್‌ಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಯಿತು. ಎರಡನೆಯ ಬ್ಲೇಡ್ ಮೈನ್ ಬ್ಲೇಡಿಗೆ ಬೆನ್ನೆಲುಬು, ಅದನ್ನು ಎಂದೂ ಮುಟ್ಟಬಾರದು. ಅದನ್ನು ಹಿಂದಕ್ಕೆ ಹಾಕಿಸಿ, ಈ ಬಾರಿ ತಳದ ಹೆಲ್ಪರ್ ಬ್ಲೇಡ್‌ಗಳಿಂದ ಶುರುಮಾಡಿ ತೆಗೆಯುತ್ತಾ ಮೇಲಕ್ಕೆ ಬಂದೆ. ಉಳಿದವುಗಳ ತುದಿಗಳನ್ನು ಗ್ರೈಂಡರಿನಲ್ಲಿ ಇಳಿಜಾರಾಗಿ ತೆಳುವು ಮಾಡಿಸಿದೆ. ಚೂಪಾಗಿದ್ದ ತುದಿ ಮೇಲಿನ ಬ್ಲೇಡನ್ನು ಕೊರೆದು ಗುಳಿ ಮಾಡಿದ್ದು ಬಿಚ್ಚಿದಾಗ ಕಂಡಿತು, ಆ ಗುಳಿಯಲ್ಲಿಯೇ ಬ್ಲೇಡ್ ಸಿಕ್ಕಿಹಾಕಿಕೊಳ್ಳುತ್ತದೆ. ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಕೊಟ್ಟಿದ್ದೇನೆ. ಯಾವ ಹಾಳೆ, ಯಾವ ಬ್ಲೇಡನ್ನು ಎಷ್ಟು ಗಿಡ್ಡ ಮಾಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನಗೆ ಎರಡು ಬೇಸಿಗೆ ಹಿಡಿದಿದೆ. ಈಗ ಅದೇ ಜಾಕಿ ಪರೀಕ್ಷೆಯಲ್ಲಿ ಹತ್ತು ಇಂಚು ಎತ್ತುವವರೆಗೆ ಉಳಿದ ಮೂರು ಚಕ್ರಗಳು ನೆಲ ಬಿಡುವುದಿಲ್ಲ. ಇದಕ್ಕೆ ಆದ ಖರ್ಚು ಸುಮಾರು 6,500 ರೂಪಾಯಿ.

"ಬ್ಲೇಡ್ ತೆಗೆದ್ರೆ ಲೋಡ್ ಏನ್ ಮಾಡ್ತೀರಣ್ಣ?" ಎಂದು ಮೇಸ್ತ್ರಿ ಕೇಳಿದ್ದ. ಅವನ ಪ್ರಶ್ನೆ ನ್ಯಾಯವಾದದ್ದೇ. ನಾನು ಈಗ ಹನ್ನೆರಡು ಚೀಲಕ್ಕಿಂತ, ಎಂದರೆ ಸುಮಾರು 600 ಕಿಲೋಗಿಂತ ಹೆಚ್ಚು ಹೇರುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಇದರಿಂದ ದಿನಕ್ಕೆ ಒಂದು ಸುತ್ತು ಹೆಚ್ಚು ಹೊಡೆಯಬೇಕಾಗುತ್ತದೆ, ಅದಕ್ಕೆ ನಾನು ಒಪ್ಪಿದ್ದೇನೆ. ಬಾಡಿಗೆಗೆ ಪೂರ್ತಿ ಲೋಡ್ ಹೊಡೆಯುವವರು ಈ ದಾರಿಗೆ ಬರಬಾರದು.

ಭಾರದ ವಿಷಯ ಬಂದಿದ್ದರಿಂದ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಖಾಲಿ ಪಿಕಪ್ಪಿನ ಹಿಂಭಾಗ ತೀರಾ ಹಗುರ, ಹಿಂದೆ ಭಾರವಿದ್ದರೆ ಮಾತ್ರ ಟೈರಿಗೆ ಹಿಡಿತ ಬರುತ್ತದೆ. ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯಲು ಹೇಗೂ 200 ಲೀಟರಿನ ಡ್ರಮ್ ಸಾಗಿಸುತ್ತೇವಲ್ಲ, ಅದೇ ಭಾರವಾಗಲಿ ಎಂದು ಡ್ರಮ್ಮನ್ನು ಹಿಂಬಾಗಿಲಿಗೆ ಒತ್ತಿ ಕಟ್ಟಿದೆ. ಎರಡು ತೊಂದರೆಗಳಾದವು. ಒಂದು, ಮೈಲುತುತ್ತ ಬೆರೆತ ನೀರು ತುಳುಕಿ ಬಾಡಿಯ ತಗಡನ್ನೂ ಯು-ಬೋಲ್ಟ್‌ಗಳನ್ನೂ ಒಂದೇ ಮಳೆಗಾಲದಲ್ಲಿ ತಿಂದಿತು. ತಾಮ್ರದ ಸಲ್ಫೇಟ್ ಕಬ್ಬಿಣವನ್ನು ಬಿಡುವುದಿಲ್ಲ ಎಂಬುದು ತೋಟದ ಕೆಲಸ ಬಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಎರಡು, ಆಕ್ಸಲ್ಲಿನಿಂದ ಅಷ್ಟು ಹಿಂದೆ ಇಟ್ಟ ಭಾರ ಮುಂಭಾಗವನ್ನು ಸನ್ನೆಯಂತೆ ಎತ್ತುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಗಾಡಿ ನೇರವಾಗಿ ಜಾರಿ ಕಾಫಿ ಗಿಡಗಳ ಮಧ್ಯೆ ಹೋಗಿ ನಿಂತಿತು. ಈಗ ಸುಮಾರು 180 ಕಿಲೋ ಮರಳನ್ನು ಚಿಕ್ಕ ಚೀಲಗಳಲ್ಲಿ ತುಂಬಿ, ಆಕ್ಸಲ್ಲಿನ ನೇರ ಮೇಲೆ ಮರದ ಪಟ್ಟಿಯ ಚೌಕಟ್ಟಿನಲ್ಲಿ ಅಲುಗಾಡದಂತೆ ಕೂರಿಸಿದ್ದೇನೆ. ಸರಕು ಹೇರಿದಾಗ ಅದರ ತೂಕಕ್ಕೆ ತಕ್ಕಷ್ಟು ಮರಳಿನ ಚೀಲ ಇಳಿಸುತ್ತೇನೆ. ಚೌಕಟ್ಟಿಗೆ 2,500 ರೂಪಾಯಿ ಆಯಿತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಒಂದು ಸಂಜೆ ನಮ್ಮ ಟ್ರ್ಯಾಕ್ಟರ್ ಗದ್ದೆಯ ಮೂಲೆಯಲ್ಲಿ ಹೂತಾಗ ಡ್ರೈವರ್ ಸುಮ್ಮನೆ ಸುತ್ತುತ್ತಿದ್ದ ಚಕ್ರದ ಕಡೆಯ ಬ್ರೇಕನ್ನು ಮಾತ್ರ ಒತ್ತಿ ಹೊರಬಂದ. ಟ್ರ್ಯಾಕ್ಟರಿನಲ್ಲಿ ಎಡಬಲದ ಬ್ರೇಕ್ ಬೇರೆ ಬೇರೆ ಇರುವುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ನನ್ನ ಪಿಕಪ್ಪಿನ ಹ್ಯಾಂಡ್‌ಬ್ರೇಕ್ ಹಿಂದಿನ ಎರಡು ಡ್ರಮ್ಮುಗಳಿಗೆ ಎರಡು ಪ್ರತ್ಯೇಕ ಕೇಬಲ್‌ಗಳಲ್ಲಿ ಹೋಗುತ್ತದೆ, ಅವೆರಡೂ ನಡುವಿನ ಒಂದು ತುಂಡಿನಲ್ಲಿ ಸೇರುತ್ತವೆ. ಹಾಸನದ ಗುಜರಿಯಿಂದ ಮಾರುತಿ ಓಮ್ನಿಯ ಎರಡು ಹ್ಯಾಂಡ್‌ಬ್ರೇಕ್ ಲಿವರ್‌ಗಳನ್ನು ಜೋಡಿಗೆ 400 ರೂಪಾಯಿಯಂತೆ ತಂದು, ಅವುಗಳ ಹಲ್ಲು ಹಿಡಿಯುವ ಕೊಂಡಿಯನ್ನು ಅರದಿಂದ ಉಜ್ಜಿ ತೆಗೆದು, ಕೈಬಿಟ್ಟ ಕೂಡಲೇ ಸಡಿಲವಾಗುವಂತೆ ಮಾಡಿಕೊಂಡೆ. ಸೀಟಿನ ಪಕ್ಕದಲ್ಲಿ ಒಂದು ಎಡಚಕ್ರಕ್ಕೆ, ಇನ್ನೊಂದು ಬಲಚಕ್ರಕ್ಕೆ. ಕೇಬಲ್, ವೆಲ್ಡಿಂಗ್ ಎಲ್ಲ ಸೇರಿ 4,200 ರೂಪಾಯಿ. ಕಂಪನಿಯ ಮೂಲ ಲಿವರ್ ಹಿಂದಿನಂತೆಯೇ ಎರಡೂ ಚಕ್ರಗಳನ್ನು ಸಮನಾಗಿ ಹಿಡಿಯುತ್ತದೆ. ಮೂರು ಲಿವರ್‌ಗಳು ಒಂದನ್ನೊಂದು ಎಳೆಯದಂತೆ ಜೋಡಿಸಿದ ಆ ಕೊಂಡಿಯ ರೂಪವನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ, ಮನೆಗೆ ಬಂದು ನೋಡುವವರಿಗೆ ಅಡ್ಡಿಯಿಲ್ಲ. ಡಾಂಬರು ರಸ್ತೆಗೆ ಇಳಿಯುವ ಮೊದಲು ಎರಡೂ ಹೊಸ ಲಿವರ್‌ಗಳಿಗೆ ಪಿನ್ ಹಾಕಿ ಬಂದ್ ಮಾಡುತ್ತೇನೆ, ಏಕೆಂದರೆ ವೇಗದಲ್ಲಿ ಒಂದೇ ಚಕ್ರ ಹಿಡಿದರೆ ಗಾಡಿ ಅಡ್ಡಡ್ಡ ತಿರುಗಿಬಿಡುತ್ತದೆ.

ಹಲಸಿನ ಮರದ ತಿರುವಿನಲ್ಲಿ ಅದು ಕೆಲಸ ಮಾಡುವ ರೀತಿ ಹೀಗಿದೆ. ಒಂದನೆಯ ಗೇರಿನಲ್ಲಿ, ಎಕ್ಸಿಲರೇಟರ್ ಏರಿಸದೆ ಹೋಗುತ್ತಿರುವಾಗ ಒಳಗಡೆಯ ಬಲಚಕ್ರ ಜಾರಿ ಸುತ್ತತೊಡಗುತ್ತದೆ, ಕೆಸರು ಬಾಡಿಯ ತಗಡಿಗೆ ಬಡಿಯುವ ಸದ್ದು ಕೇಳಿಸುತ್ತದೆ. ಆಗ ಬಲಗಡೆಯ ಲಿವರನ್ನು ಮೆಲ್ಲಗೆ, ಚಕ್ರ ಪೂರ್ತಿ ನಿಲ್ಲದ ಹಾಗೆ ಎಳೆಯಬೇಕು. ಸದ್ದು ತಗ್ಗುತ್ತದೆ, ಎಂಜಿನ್ ಒಂದು ಕ್ಷಣ ಭಾರವಾಗುತ್ತದೆ, ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಎಡಚಕ್ರ ಅರ್ಧ ಸುತ್ತು ತಿರುಗಿ ಕಲ್ಲನ್ನು ಕಚ್ಚುತ್ತದೆ. ಗಾಡಿ ಒಂದು ಗೇಣು, ಮತ್ತೊಂದು ಗೇಣು ಮುಂದೆ ಸರಿಯುತ್ತದೆ. ಜೋರಾಗಿ ಎಳೆದರೆ ಎಂಜಿನ್ ಆಫ್ ಆಗುತ್ತದೆ. ಕೈಗೆ ಈ ಹದ ಸಿಗಲು ನನಗೆ ಹದಿನೈದು ದಿನ ಬೇಕಾಯಿತು. ಎಡಬಲದ ಲಿವರ್ ತಿರುವಿಗೂ ಸಹಾಯಕ: ಒಳಚಕ್ರ ಹಿಡಿದರೆ ಕಿರಿದಾದ ತಿರುವನ್ನು ಒಂದೇ ಏಟಿಗೆ ತೆಗೆದುಕೊಳ್ಳಬಹುದು, ಮೊದಲು ಎರಡು ಸಲ ರಿವರ್ಸ್ ಹೊಡೆಯಬೇಕಿತ್ತು.

ಗಾಳಿಯ ಒತ್ತಡದಲ್ಲೂ ಒಂದು ಟ್ಯೂಬ್ ಕಳೆದುಕೊಂಡೆ. ಹಿಂದಿನ ಟೈರುಗಳನ್ನು 12 ಪಿಎಸ್‌ಐಗೆ ಇಳಿಸಿದಾಗ ಹಿಡಿತ ಚೆನ್ನಾಗಿತ್ತು, ಆದರೆ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಬುಡದಲ್ಲೇ ಹರಿಯಿತು. ಈಗ ಖಾಲಿ ಗಾಡಿಗೆ 18ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಟೈರಿನಿಂದ ರಿಮ್ಮಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ. ಗೆರೆ ಎರಡು ತುಂಡಾಗಿ ಕಂಡರೆ ಟೈರ್ ಜಾರಿದೆ ಎಂದರ್ಥ, ಕೂಡಲೇ ಗಾಳಿ ಬಿಟ್ಟು ಸರಿಪಡಿಸುತ್ತೇನೆ. ಸರಕು ಹೇರಿದಾಗ ಅಥವಾ ರಸ್ತೆಗೆ ಇಳಿಯುವಾಗ ಪೂರ್ತಿ ಗಾಳಿ ತುಂಬಿಸಲೇಬೇಕು.

ಹಳ್ಳ ದಾಟುವುದಕ್ಕೆಂದು ಪಿವಿಸಿ ಪೈಪಿನಲ್ಲಿ ಎಂಜಿನ್ನಿಗೆ ಉಸಿರುಗೊಳವೆ ಮಾಡಿದ್ದೆ. ನಮ್ಮ ಹಳ್ಳದ ನೀರು ಚಕ್ರದ ನಡುವಿನ ಹಬ್‌ಗಿಂತ ಮೇಲೆ ಬರುವುದೇ ಇಲ್ಲವಾದ್ದರಿಂದ ಅದನ್ನು ತೆಗೆದುಹಾಕಿದೆ. ಆದರೆ ಹಿಂದಿನ ಹೌಸಿಂಗಿನ ಗಾಳಿ ಆಡುವ ರಂಧ್ರವಾದ ಬ್ರೀದರ್ ಮಾತ್ರ ಎಲ್ಲರೂ ಗಮನಿಸಬೇಕಾದದ್ದು. ಏರು ಹತ್ತಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಒಮ್ಮೆ ಡ್ರೈನ್ ಬೋಲ್ಟ್ ಬಿಚ್ಚಿದಾಗ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅರವತ್ತು ರೂಪಾಯಿಯ ಪೈಪೊಂದನ್ನು ಬ್ರೀದರ್‌ನಿಂದ ಕ್ಯಾಬಿನ್ನಿನ ಹಿಂಭಾಗದವರೆಗೆ ಏರಿಸಿ ಕಟ್ಟಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಎರಡು ಲಗ್ ಟೈರುಗಳ 15,000 ಸೇರಿಸಿದರೆ ಉಪಯೋಗಕ್ಕೆ ಬಂದ ಕೆಲಸಗಳಿಗೆ ಆದದ್ದು ಸುಮಾರು 28,000 ರೂಪಾಯಿ, ತಪ್ಪುಗಳಿಗೆ ಕಳೆದದ್ದು 41,000ಕ್ಕೂ ಹೆಚ್ಚು. ಈಗ ಉಳಿದಿರುವ ದೋಷ ಹಿಂದಿನ ಬ್ರೇಕ್ ಲೈನಿಂಗಿನದು. ಕೆಸರಿನಲ್ಲಿ ಒಂದೇ ಕಡೆಯ ಬ್ರೇಕ್ ಹೆಚ್ಚು ಬಳಸುವುದರಿಂದ ಬಲಗಡೆಯ ಲೈನಿಂಗ್ ಎಡದಕ್ಕಿಂತ ಬೇಗ ಸವೆಯುತ್ತದೆ, ಆಗ ಮೂಲ ಹ್ಯಾಂಡ್‌ಬ್ರೇಕ್ ಸಮನಾಗಿ ಹಿಡಿಯುವುದಿಲ್ಲ. ಆದ್ದರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಎರಡೂ ಡ್ರಮ್ ಬಿಚ್ಚಿ, ಒಳಗಿನ ಕೆಂಪು ಮಣ್ಣನ್ನು ತೊಳೆದು, ಎರಡೂ ಕಡೆಯ ಲೈನಿಂಗುಗಳನ್ನು ಜೊತೆಯಾಗಿಯೇ ಬದಲಿಸುತ್ತೇನೆ. ಕಳೆದ ಸಲ ಅದಕ್ಕೆ 1,100 ರೂಪಾಯಿ ಆಯಿತು. ಅಂದು ಡ್ರಮ್ ಎತ್ತಿಕೊಡಲು ಬಂದವರು ಪಕ್ಕದ ತೋಟದ ಭಾವನವರೇ. ತಮ್ಮ ಜೀಪಿನ ಬ್ಲೇಡ್ ಸೆಟ್ಟನ್ನು ಬೇಸಿಗೆಯಲ್ಲಿ ನನ್ನ ಶೆಡ್ಡಿಗೆ ತರುವುದಾಗಿ ಅವರು ಹೇಳಿಹೋಗಿದ್ದಾರೆ.